ರೊಟ್ಟಿ ಮಗುಚುವಷ್ಟು ಹೊತ್ತು

ಬೇಸಿಗೆ ಬಂತೆಂದರೆ ನಮ್ಮ ಗುಂಜಹಳ್ಳಿಯಲ್ಲಿ ಹನ್ನೊಂದು ಗಂಟೆಯ ಮೇಲೆ ಬಾಗಿಲು ತೆರೆಯುವವರು ಕಡಿಮೆ. ರಾಯಚೂರು ಸೀಮೆಯ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. 2023ರ ಅಂಥದೊಂದು ಮೇ ತಿಂಗಳ ಮಧ್ಯಾಹ್ನ ನಾನು ನಡುಮನೆಯ ತಣ್ಣನೆಯ ಬಂಡೆಯ ಮೇಲೆ ಅಡ್ಡಾಗಿದ್ದೆ. ಶಾಲೆಗೆ ರಜೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ನನ್ನ ತಂಗಿಯ ಮಗಳು ನಾಲ್ಕು ದಿನ ಇದ್ದು ಹೋಗಲು ಬಂದವಳು, ಗೋಡೆಗೆ ಒರಗಿ ಮೊಬೈಲು ಹಿಡಿದು ಕುಳಿತಿದ್ದಳು. ಇದ್ದಕ್ಕಿದ್ದಂತೆ ‘ಅಯ್ಯ ಶಿವನ!’ ಎಂದು ಕೈ ಬಾಯಿಗೆ ಹಿಡಿದಳು.

‘ಏನಾತವ್ವ?’ ಎಂದೆ.

‘ತಡಿ ದೊಡ್ಡಮ್ಮ. ರಾಜಕುಮಾರ ಕೇಳ್ಯಾನ, ಉತ್ತರ ಕೊಡಬೇಕು.’

‘ಏನಂತ ಕೇಳ್ಯಾನ?’

‘ನನ್ನ ನೆನಪು ಬಂದಿತ್ತೇನು ಅಂತ.’

ನಾನು ಎದ್ದು ಕುಳಿತೆ. ಮೂವತ್ತು ವರ್ಷದಿಂದ ಹುಡುಗ ಹುಡುಗಿಯರಿಗೆ ಕನ್ನಡ ಪಾಠ ಹೇಳುತ್ತ ಬಂದವಳಿಗೆ ಇಂಥ ಮಾತು ಕಿವಿಗೆ ಬಿದ್ದ ಮೇಲೆ ಮಲಗುವುದಾಗುವುದಿಲ್ಲ. ಹತ್ತಿರ ಸರಿದು ನೋಡಿದರೆ ಮೊಬೈಲಿನಲ್ಲಿ ಚಿತ್ರದ ರಾಜಕುಮಾರನೊಬ್ಬ ನಿಂತಿದ್ದ. ಅವನ ಕೆಳಗೆ ಇಂಗ್ಲಿಷಿನಲ್ಲಿ ಮೂರು ಉತ್ತರಗಳು. ಹೌದು ಎನ್ನಬಹುದು, ಇಲ್ಲ ಎನ್ನಬಹುದು, ಇಲ್ಲವೆ ನಗೆಯಾಡಿ ಜಾರಿಕೊಳ್ಳಬಹುದು. ಯಾವುದನ್ನು ಒತ್ತಿದರೆ ಕಥೆ ಆ ಕಡೆ ನಡೆಯುತ್ತದೆ. ‘ಲಗೂ ಹೇಳು ಮತ್ತ, ಹುಡುಗ ನಿಂತಾನ’ ಎಂದೆ. ಅವಳು ನಕ್ಕಳು. ‘ಅವ ಎಷ್ಟೊತ್ತು ಬೇಕಾದರೂ ನಿಂದರ್ತಾನ ದೊಡ್ಡಮ್ಮ. ನಾ ಉಂಡು ಮಲಗಿ ಎದ್ದು ಬಂದು ಹೇಳಿದರೂ ನಡೀತದ.’

ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು. ಈ ಬರಹಕ್ಕೆ ಅದೇ ಬೀಜ.

ಅವಳು ಆಡುತ್ತಿದ್ದ ಆಟದ ಹೆಸರು ‘ಚಾಯ್ಸಸ್’. ಅಮೆರಿಕದ ಪಿಕ್ಸೆಲ್‌ಬೆರಿ ಎಂಬ ಸಂಸ್ಥೆ 2016ರಲ್ಲಿ ಹೊರತಂದದ್ದು. ಅದರೊಳಗೆ ಬೇಕಾದಷ್ಟು ಕಥೆಗಳಿವೆ. ನಮ್ಮ ಹುಡುಗಿಯ ಕಥೆ ‘ದಿ ರಾಯಲ್ ರೊಮಾನ್ಸ್’. ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ತಟ್ಟೆ ಲೋಟ ತಂದಿಡುವ ಹುಡುಗಿಯೊಬ್ಬಳು ಕಾರ್ಡೋನಿಯಾ ಎಂಬ ಕಲ್ಪನೆಯ ದೇಶದ ರಾಜಕುಮಾರನನ್ನು ಅಕಸ್ಮಾತ್ ಕಾಣುತ್ತಾಳೆ. ಅವನು ರಾಣಿಯನ್ನು ಆರಿಸಿಕೊಳ್ಳಬೇಕಾಗಿದೆ. ಇವಳೂ ಆ ದೇಶಕ್ಕೆ ಹೋಗಿ ದೊಡ್ಡ ಮನೆತನದ ಹೆಣ್ಣುಮಕ್ಕಳ ನಡುವೆ ಸ್ಪರ್ಧೆಗೆ ನಿಲ್ಲುತ್ತಾಳೆ. ಆ ಹುಡುಗಿಗೆ ಹೆಸರಿಡುವವರು ನಾವು, ಸೀರೆಯೋ ಗೌನೋ ಉಡಿಸುವವರು ನಾವು, ಅವಳ ಬಾಯಿಂದ ಮಾತಾಡಿಸುವವರೂ ನಾವೇ. ‘ಯಾರು ಈಕಿ?’ ಎಂದು ಕೇಳಿದ್ದಕ್ಕೆ ‘ಈಕಿ ನಾನ’ ಎಂದಳು.

ಆ ನಾಲ್ಕು ದಿನ ಅವಳ ಪಕ್ಕದಲ್ಲಿ ಕುಳಿತು, ಅವಳು ಕನ್ನಡದಲ್ಲಿ ಹೇಳಿದ ಹಾಗೆ ಕೇಳುತ್ತ ಒಂದಿಷ್ಟು ಅಧ್ಯಾಯ ನೋಡಿದೆ. ಮೊಬೈಲಿನ ಆಟವೆಂದು ಮೂಗು ಮುರಿಯುವವಳಲ್ಲ ನಾನು. ಹಿಂದೆ ನಾವು ಕಾದಂಬರಿ ಹಿಡಿದು ಕುಳಿತಾಗ ಮನೆಯ ಹಿರಿಯರೂ ಹೀಗೇ ಮೂಗು ಮುರಿದಿದ್ದರು. ಕಥೆ ಎಂದ ಮೇಲೆ ಅದನ್ನು ಕಥೆಯೆಂದೇ ತೂಗಿ ನೋಡಬೇಕು. ತೂಗಿದಾಗ ನನಗೆ ಕಂಡ ಕೊರತೆ ನೀತಿಯದಲ್ಲ, ನಡೆಯದು.

ಈ ಕಥೆಯಲ್ಲಿ ಹೊತ್ತು ಎಲ್ಲಿ ಓಡಬೇಕೋ ಅಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲಬಾರದೋ ಅಲ್ಲಿ ಅಡ್ಡಗಟ್ಟುತ್ತದೆ. ಪ್ರೀತಿಸುವವನು ಎದುರಿಗೆ ನಿಂತು ಪ್ರಶ್ನೆ ಕೇಳಿದಾಗ ಮನಸ್ಸಿಗೆ ಅವಸರವಿರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಒಂದು ಕ್ಷಣ ತಡವಾದರೆ ಆ ತಡವೇ ಉತ್ತರವಾಗಿಬಿಡುತ್ತದೆ. ಇಲ್ಲಿ ಅದಿಲ್ಲ. ರಾಜಕುಮಾರ ಗೋಡೆಯ ಕ್ಯಾಲೆಂಡರಿನ ದೇವರ ಹಾಗೆ ನಗುತ್ತ ನಿಂತಿರುತ್ತಾನೆ. ಆದರೆ ಅಧ್ಯಾಯ ಮುಗಿದ ಕೂಡಲೇ ಆಟ ಕೀಲಿಕೈ ಕೇಳುತ್ತದೆ. ಒಂದು ಅಧ್ಯಾಯಕ್ಕೆ ಒಂದು ಕೀಲಿಕೈ. ಕೈಯಲ್ಲಿದ್ದವು ಮುಗಿದರೆ ಹೊಸದು ಹುಟ್ಟುವ ತನಕ ಗಂಟೆಗಟ್ಟಲೆ ಕಾಯಬೇಕು, ಇಲ್ಲವೆ ರೊಕ್ಕ ಕೊಟ್ಟು ಕೊಳ್ಳಬೇಕು.

‘ಕಾಯುವುದು ನಿಮ್ಮ ಕಾಲದಲ್ಲಿ ಇರಲಿಲ್ಲವೇ?’ ಎಂದು ನೀವು ಕೇಳಬಹುದು. ಇತ್ತು. ‘ಸುಧಾ’ ವಾರಪತ್ರಿಕೆ ಶುರುವಾದದ್ದು 1965ರಲ್ಲಿ. ನಾನು ಓದುವ ಹೊತ್ತಿಗೆ ಅದರ ಧಾರಾವಾಹಿಗಾಗಿ ವಾರವಿಡೀ ಕಾಯುವುದು ನಮಗೆ ಹಬ್ಬಕ್ಕೆ ಕಾದಷ್ಟೇ ಸಹಜವಾಗಿತ್ತು. ನಾಯಕಿ ಪತ್ರವನ್ನು ಒಡೆದಳೋ ಇಲ್ಲವೋ ಎಂಬ ಚಿಂತೆಯಲ್ಲಿ ನಾವು ಗೆಳತಿಯರು ಬಾವಿಕಟ್ಟೆಯ ಮೇಲೆ ಪಂಥ ಕಟ್ಟುತ್ತಿದ್ದೆವು. ಆದರೆ ಆ ಕಾಯುವಿಕೆ ಎಲ್ಲರಿಗೂ ಒಂದೇ ಆಗಿತ್ತು. ಗೌಡರ ಮನೆಯ ಮಗಳಿಗೂ ಮುಂದಿನ ವಾರವೇ, ನನಗೂ ಮುಂದಿನ ವಾರವೇ. ರೊಕ್ಕ ಇದ್ದವರು ಬುಧವಾರವೇ ಮುಂದಿನ ಕಂತು ತರಿಸಿಕೊಳ್ಳುವಂತಿರಲಿಲ್ಲ. ಬರೆಯುವವರಿಗೂ ಆ ಏಳು ದಿನದ ಅರಿವಿತ್ತು. ಕಂತಿನ ಕೊನೆಯ ಸಾಲನ್ನು ಏಳು ದಿನ ಮನಸ್ಸಿನಲ್ಲಿ ಉಳಿಯುವ ಹಾಗೆ ಕಟ್ಟುತ್ತಿದ್ದರು. ಈ ಆಟದ ಕಾಯುವಿಕೆ ಕಥೆಗೆ ಸೇರಿದ್ದಲ್ಲ, ಅಂಗಡಿಗೆ ಸೇರಿದ್ದು. ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗೆ ಏನೋ ನಡೆಯುತ್ತಿದೆ ಎಂದಲ್ಲ.

ಎರಡನೆಯ ಕೊರತೆ ವಜ್ರದ್ದು. ಕೆಲವು ಉತ್ತರಗಳ ಪಕ್ಕದಲ್ಲಿ ವಜ್ರದ ಗುರುತು ಇರುತ್ತದೆ. ರಾಜಕುಮಾರನೊಂದಿಗೆ ಒಬ್ಬಳೇ ತೋಟದಲ್ಲಿ ನಡೆಯಬೇಕೆಂದರೆ ಹದಿನೈದೋ ಇಪ್ಪತ್ತೋ ವಜ್ರ ಕೊಡಬೇಕು. ಒಂದು ಅಧ್ಯಾಯ ಮುಗಿಸಿದರೆ ಸಿಗುವುದು ಒಂದೆರಡು. ನಮ್ಮ ಹುಡುಗಿ ರೊಕ್ಕ ಹಾಕುವವಳಲ್ಲ. ಹಾಗಾಗಿ ತೋಟದ ಬಾಗಿಲಿಗೆ ಬಂದಾಗಲೆಲ್ಲ ‘ನನಗ ನಿದ್ದಿ ಬಂದದ, ಮಲಗ್ತೀನಿ’ ಎಂಬ ಪುಕ್ಕಟೆ ಉತ್ತರ ಒತ್ತಿ ಮುಂದೆ ಹೋಗುತ್ತಿದ್ದಳು. ಇದರಿಂದ ಏನಾಗುತ್ತದೆ ನೋಡಿ. ಪ್ರೇಮಕಥೆಯ ಎಲುಬು ಇರುವುದೇ ಆ ಏಕಾಂತದ ಮಾತುಗಳಲ್ಲಿ. ಅವನ್ನು ತೆಗೆದಿಟ್ಟರೆ ಉಳಿಯುವುದು ಮೆರವಣಿಗೆ, ಊಟ, ಉಡುಪು. ಒಬ್ಬರಿಗೊಬ್ಬರು ಹತ್ತಿರವಾದದ್ದನ್ನು ಕಾಣದೆಯೇ ಹತ್ತು ಅಧ್ಯಾಯ ಕಳೆದ ಮೇಲೆ ರಾಜಕುಮಾರ ‘ನೀನಿಲ್ಲದೆ ನಾನಿಲ್ಲ’ ಎಂಬ ಧಾಟಿಯಲ್ಲಿ ಮಾತಾಡಿದರೆ ನಂಬುವುದು ಹೇಗೆ? ‘ಯಾವಾಗ ಇಷ್ಟು ಪ್ರೀತಿ ಹುಟ್ಟಿತು?’ ಎಂದೆ. ‘ವಜ್ರದ ಸೀನಿನಾಗ ಹುಟ್ಟಿರಬೇಕು’ ಎಂದಳು ಅವಳು.

ನಮ್ಮ ಕಡೆಯ ಆಟಗಳಲ್ಲಿ ಪ್ರೀತಿಯ ಮುನಿಸು ಹೇಗೆ ನಡೆಯುತ್ತಿತ್ತೆಂದು ನೆನೆಯುತ್ತೇನೆ. ‘ಶ್ರೀಕೃಷ್ಣ ಪಾರಿಜಾತ’ವನ್ನು ನೋಡಿದವರಿಗೆ ಗೊತ್ತು. ಅಪರಾಳ ತಮ್ಮಣ್ಣ ರಚಿಸಿ, ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದರೆಂದು ಹೇಳುವ ಆ ಕಥೆ ಎಷ್ಟು? ಒಂದು ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಸಿಟ್ಟು ಬಂತು, ಅಷ್ಟೇ. ಅಂಗೈಯಲ್ಲಿ ಹಿಡಿಯುವ ಕಥೆಗೆ ಇಡೀ ರಾತ್ರಿ ಬೇಕು. ಆದರೂ ಯಾರೂ ಎದ್ದು ಹೋಗುವುದಿಲ್ಲ. ಮುನಿಸಿಗೆ ಅದರದೇ ಆದ ಮೆಟ್ಟಿಲುಗಳಿವೆ. ಮೊದಲು ಸಂಶಯ, ಆಮೇಲೆ ಸಿಟ್ಟು, ಆಮೇಲೆ ಹಟ, ಆಮೇಲೆ ತಾನೇ ಹಟ ಹೆಚ್ಚಿಸಿಕೊಂಡೆನೇನೋ ಎಂಬ ಅಳುಕು, ಕೊನೆಗೆ ಕೊರವಂಜಿ ಬಂದಾಗ ಹೊರಗೆ ಗತ್ತು, ಒಳಗೆ ಆಸೆ. ಯಾವ ಮೆಟ್ಟಿಲನ್ನೂ ಹಾರಿಸುವುದಿಲ್ಲ. ನಿಧಾನ ಎಂದರೆ ಇದು. ಒಂದೊಂದು ಹೆಜ್ಜೆಗೂ ಮನಸ್ಸಿನೊಳಗೆ ಏನಾದರೂ ಕದಲಬೇಕು. ಏನೂ ಕದಲದೆ ಹೊತ್ತು ಮಾತ್ರ ಹೋದರೆ ಅದು ಬಸ್ಸಿಗೆ ಕಾದ ಹಾಗೆ.

ಇನ್ನು ಆಯ್ಕೆಯ ಮಾತು. ಕಥೆ ಕೇಳುವವನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅಮೆರಿಕದವರು ಕಂಡುಹಿಡಿದ ಹೊಸ ವಿದ್ಯೆಯಲ್ಲ. ‘ಚಂದಮಾಮ’ ಓದಿ ಬೆಳೆದವರಿಗೆಲ್ಲ ಬೇತಾಳ ಗೊತ್ತು. ಹೆಗಲ ಮೇಲೆ ಹೆಣ, ಹೆಣದೊಳಗಿನ ಬೇತಾಳ ಕಥೆ ಹೇಳಿ ಕೊನೆಗೆ ಪ್ರಶ್ನೆ ಕೇಳುತ್ತಾನೆ. ಗಂಡನ ತಲೆ ಅವನ ಜೊತೆಗಿದ್ದವನ ಮೈಗೆ, ಆತನ ತಲೆ ಗಂಡನ ಮೈಗೆ ಹತ್ತಿದೆ. ಈಗ ಹೆಂಡತಿ ಯಾರಿಗೆ ಸೇರಬೇಕು? ಗಿರೀಶ ಕಾರ್ನಾಡರು ‘ಹಯವದನ’ಕ್ಕೆ ತೆಗೆದುಕೊಂಡದ್ದು ಈ ಕಥೆಯನ್ನೇ. ತಲೆಗೆ ಸೇರಬೇಕು ಎನ್ನುತ್ತಾನೆ ವಿಕ್ರಮ. ಇಲ್ಲಿ ನೋಡಬೇಕಾದದ್ದು ಉತ್ತರವನ್ನಲ್ಲ, ಕರಾರನ್ನು. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಹಸ್ರ ಹೋಳು. ಬಾಯಿಬಿಟ್ಟರೆ ಮೌನ ಮುರಿಯಿತು, ಬೇತಾಳ ಮರಕ್ಕೆ ಹಾರಿದ, ಪಟ್ಟ ಶ್ರಮವೆಲ್ಲ ಹೋಯಿತು. ಎರಡು ದಾರಿ, ಎರಡಕ್ಕೂ ಬೆಲೆ, ಮತ್ತು ಆ ಬೆಲೆಯನ್ನು ವಜ್ರದಲ್ಲಿ ಕೊಡಲಾಗುವುದಿಲ್ಲ.

ಕಾರ್ನಾಡರದೇ ‘ನಾಗಮಂಡಲ’ ಈ ವಿಷಯದಲ್ಲಿ ಇನ್ನೂ ಹತ್ತಿರದ್ದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ಕಟ್ಟಿದ ನಾಟಕ. ನಮ್ಮಲ್ಲಿ ಹೆಚ್ಚಿನವರು ಕಂಡದ್ದು 1997ರಲ್ಲಿ ಟಿ.ಎಸ್. ನಾಗಾಭರಣ ಮಾಡಿದ ಸಿನಿಮಾ. ಗೋಪಾಲ ವಾಜಪೇಯಿಯವರು ಅದಕ್ಕೆ ಬರೆದ ಉತ್ತರ ಕರ್ನಾಟಕದ ಮಾತು ನಮ್ಮ ಪಡಸಾಲೆಯ ಮಾತಿನ ಹಾಗೇ ಕೇಳುತ್ತದೆ. ಆದರೆ ನಾಟಕವನ್ನು ಓದಬೇಕು. ಅದು ಶುರುವಾಗುವುದು ಒಬ್ಬ ನಾಟಕಕಾರನ ಗೋಳಿನಿಂದ. ತನ್ನ ನಾಟಕಗಳಿಂದ ಎಷ್ಟೋ ಜನರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ಅವನಿಗೆ ಶಾಪ ತಟ್ಟಿದೆ. ಆ ರಾತ್ರಿ ಎಚ್ಚರವಿರದಿದ್ದರೆ ಸಾವು. ಕಥೆಯ ನಡೆ ತಪ್ಪಿದರೆ ಶಿಕ್ಷೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಾಣೆ. ಪಾಠ ಹೇಳುವ ನಮ್ಮಂಥವರೂ ನಡುಗಬೇಕಾದ ಮಾತು.

ಆ ನಾಟಕದಲ್ಲಿ ಗಂಡ ಅಪ್ಪಣ್ಣ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ರಾತ್ರಿ ನಾಗ ಅವನ ರೂಪದಲ್ಲಿ ಬಂದು ಪ್ರೀತಿ ತೋರುತ್ತಾನೆ. ಬಸುರಾದಾಗ ಊರ ಪಂಚರ ಮುಂದೆ ನಿಲ್ಲಬೇಕು. ಕಾದ ಕಬ್ಬಿಣ ಹಿಡಿಯುವುದು ವಾಡಿಕೆ. ಅವಳು ಹುತ್ತಕ್ಕೆ ಕೈಹಾಕಿ ಹಾವನ್ನು ಹಿಡಿದು, ಗಂಡನನ್ನೂ ಈ ನಾಗರಹಾವನ್ನೂ ಬಿಟ್ಟರೆ ಬೇರೆ ಗಂಡಸನ್ನು ಮುಟ್ಟಿಲ್ಲ ಎಂದು ಆಣೆ ಇಡುತ್ತಾಳೆ. ಅದು ಆಯ್ಕೆ. ಮುಂದೆ ಕಥೆ ಸುಖವಾಗಿ ಮುಗಿಯಿತು ಎನ್ನುವಾಗ ನಾಟಕಕಾರ ತಕರಾರು ತೆಗೆಯುತ್ತಾನೆ: ರಾಣಿಗೆ ಎರಡು ಸ್ಪರ್ಶಗಳ ವ್ಯತ್ಯಾಸ ತಿಳಿಯದೇ ಇರುತ್ತದೆಯೆ? ನಾಗ ಏನಾದ? ಆಗ ಇನ್ನೊಂದು ಮುಕ್ತಾಯ ಬರುತ್ತದೆ. ನಾಗ ಅವಳ ಕೂದಲಲ್ಲೇ ಸಾಯುತ್ತಾನೆ. ಅದೂ ಸಾಲದೆ ಮತ್ತೊಂದು. ನಾಗ ಬದುಕಿದ್ದಾನೆ, ಅವಳು ಅವನಿಗೆ ತನ್ನ ಕೂದಲಲ್ಲೇ ಜಾಗ ಕೊಡುತ್ತಾಳೆ. ಗುಂಡಿ ಒತ್ತಿ ಆರಿಸಿಕೊಳ್ಳುವ ಮೂರು ಮುಕ್ತಾಯಗಳಲ್ಲ ಇವು. ಒಂದರ ಕೊರತೆ ಇನ್ನೊಂದನ್ನು ಹುಟ್ಟಿಸಿದೆ. ಮೂರನ್ನೂ ಹೊತ್ತುಕೊಂಡು ಮನೆಗೆ ಹೋಗಬೇಕು.

ಆ ಮೊಬೈಲಿನ ಕಥೆಗೆ ನ್ಯಾಯ ಸಲ್ಲಿಸಬೇಕು. ‘ರಾಯಲ್ ರೊಮಾನ್ಸ್’ ಮೊದಲ ಪುಸ್ತಕದ ಕೊನೆಯಲ್ಲಿ ನೀವು ಎಷ್ಟೇ ಜಾಣತನದಿಂದ ಉತ್ತರ ಒತ್ತಿ ಬಂದಿರಿ, ಹುಡುಗಿಯ ಮೇಲೆ ಅಪವಾದ ಬರುವ ಒಂದು ಚಿತ್ರ ಹೊರಬೀಳುತ್ತದೆ. ರಾಜಕುಮಾರ ಪಟ್ಟದ ದಿನ ಬೇರೆಯವಳ ಹೆಸರು ಹೇಳುತ್ತಾನೆ. ಅಲ್ಲಿ ಯಾವ ಗುಂಡಿಯೂ ಕೆಲಸಕ್ಕೆ ಬರುವುದಿಲ್ಲ. ನಮ್ಮ ಹುಡುಗಿ ಮೊಬೈಲು ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಡೀ ಕಥೆಯಲ್ಲಿ ಅವಳಿಗೆ ತಟ್ಟಿದ್ದು, ಆಯ್ಕೆಯನ್ನು ಕಸಿದುಕೊಂಡ ಆ ಒಂದು ಗಳಿಗೆ.

ಬೆಂಗಳೂರಿನಲ್ಲಿರುವ ನನ್ನ ಮಗ ಇದನ್ನು ಕೇಳಿ ನನ್ನ ಮೊಬೈಲಿಗೇ ಇನ್ನೊಂದು ಆಟ ಹಾಕಿಕೊಟ್ಟ. ‘ಫ್ಲಾರೆನ್ಸ್’ ಎಂದು ಹೆಸರು. ಆಸ್ಟ್ರೇಲಿಯದ ಮೆಲ್ಬರ್ನಿನವರು 2018ರಲ್ಲಿ ಮಾಡಿದ್ದು. ಮಾತು ಬಹಳ ಕಡಿಮೆ, ಹಾಗಾಗಿ ನನ್ನ ಇಂಗ್ಲಿಷಿಗೂ ಸಾಕಾಯಿತು. ದಿನವೂ ಹಲ್ಲುಜ್ಜಿ, ಕೆಲಸಕ್ಕೆ ಹೋಗಿ, ತಾಯಿಯ ಫೋನಿಗೆ ಉತ್ತರಿಸಿ ಬೇಸತ್ತ ಹುಡುಗಿ. ಅವಳಿಗೆ ಸಿಗುವವನು ಕ್ರಿಷ್ ಎಂಬ, ಭಾರತದ ಮೂಲದ ಹುಡುಗ. ಚೆಲ್ಲೋ ಎಂಬ ದೊಡ್ಡ ತಂತಿವಾದ್ಯ ನುಡಿಸುವವನು. ಮೊದಲ ಭೇಟಿಯಲ್ಲಿ ಅವಳು ಮಾತಾಡಬೇಕಾದರೆ ನಾವು ಮಾತಿನ ಗುಳ್ಳೆಯನ್ನು ಚೂರು ಚೂರಾಗಿ ಜೋಡಿಸಬೇಕು. ಚೂರುಗಳು ಬಹಳ. ಭೇಟಿ ಹೆಚ್ಚಿದಂತೆ ಚೂರುಗಳು ಕಡಿಮೆಯಾಗುತ್ತ ಬಂದು ಮಾತು ತಾನೇ ಸರಾಗವಾಗುತ್ತದೆ. ಜಗಳದ ದಿನ ಅವೇ ಚೂರುಗಳಿಗೆ ಮೊನೆ ಬರುತ್ತದೆ. ಅವನು ಇವಳ ಮನೆಗೆ ಬಂದಾಗ ಅವನ ಸಾಮಾನಿಗೆ ಕಪಾಟಿನಲ್ಲಿ ಜಾಗ ಮಾಡಬೇಕು. ಇವಳದು ಯಾವುದನ್ನು ತೆಗೆಯುವುದು ಎಂದು ನಾನು ಬಹಳ ಹೊತ್ತು ಕೈ ತಡೆದು ಕುಳಿತೆ. ಕೊನೆಗೆ ಅವರು ಬೇರೆಯಾಗುತ್ತಾರೆ. ನೀವು ಏನು ಮಾಡಿದರೂ ಅದು ತಪ್ಪುವುದಿಲ್ಲ. ಒಂದು ಮದುವೆಯ ಊಟಕ್ಕೆ ಹೋಗಿ ಬರುವಷ್ಟು ಹೊತ್ತೂ ಬೇಡದ ಆಟ. ಮೂರು ಉತ್ತರ, ಹತ್ತು ಉಡುಪು, ಏನೂ ಇಲ್ಲ. ಆದರೂ ಪ್ರೀತಿಯ ನಡೆ ಅದರಲ್ಲಿದೆ.

ಚೂರುಗಳನ್ನು ಜೋಡಿಸುತ್ತಿರುವಾಗ ನನಗೆ ನನ್ನದೇ ಒಂದು ಸಂಜೆ ನೆನಪಾಯಿತು. ಬಿ.ಇಡಿ. ಮುಗಿಸಿ ಬಂದಿದ್ದೆ. ಕಲಬುರ್ಗಿಗೆ ಹೋಗಿ ಎಂ.ಎ. ಓದಬೇಕೆಂಬ ಆಸೆಯಿತ್ತು, ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವ್ವ ಬಂದು ಬಾಗಿಲಿಗೆ ಒರಗಿ ನಿಂತಳು. ‘ಅವರು ಒಪ್ಯಾರಂತ. ಅಪ್ಪ ಕೇಳ್ಯಾರ, ಏನು ಹೇಳಲಿ?’ ಎಂದಳು. ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರಿದ್ದೆ. ಮಗುಚುವ ಹೊತ್ತು. ತಡಮಾಡಿದರೆ ಸೀಯುತ್ತದೆ. ರೊಟ್ಟಿ ಮಗುಚಿ ‘ನೀವು ಹೇಳಿದಂಗ’ ಎಂದೆ. ಅವ್ವ ಹೋದಳು. ನನ್ನ ಬಾಳಿನ ಆ ಅಧ್ಯಾಯಕ್ಕೆ ಸಿಕ್ಕ ಹೊತ್ತು ಅಷ್ಟೇ. ನನ್ನ ಮನೆಯವರು ಒಳ್ಳೆಯವರು, ನೌಕರಿ ಮಾಡಲು ಬಿಟ್ಟರು, ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಆದರೆ ಅದು ಪ್ರಶ್ನೆಯಾಗಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

2024ರ ಯುಗಾದಿ ಮುಗಿದ ಮೇಲೆ ಮಾನ್ವಿಯಿಂದ ತಂಗಿಯ ಫೋನು ಬಂತು. ಮಗಳು ಆಗಲೂ ನಮ್ಮ ಮನೆಗೆ ಬಂದಿದ್ದಳು. ಸಿಂಧನೂರು ಕಡೆಯ ವರ, ಸರ್ಕಾರಿ ನೌಕರಿ, ನೋಡಿಕೊಂಡು ಹೋಗಿದ್ದರು. ‘ಅಕ್ಕ, ನೀ ಕೇಳು, ನಿನ್ನ ಮಾತು ಕೇಳ್ತಾಳ. ನಾಳೆ ಮುಂಜಾನೆ ಅವರಿಗೆ ಹೇಳಬೇಕು’ ಎಂದಳು. ನಾನು ಮಾಳಿಗೆ ಹತ್ತಿದೆ. ಹುಡುಗಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬಾಗಿಲಿಗೆ ಒರಗಿ ನಿಂತ ನನ್ನ ಅವ್ವನ ಜಾಗದಲ್ಲಿ ಈಗ ನಾನು ನಿಂತಿದ್ದೇನೆಂದು ತಿಳಿದದ್ದು ಬಾಯಿ ತೆರೆದ ಮೇಲೆ. ಹೇಳಿ ಮುಗಿಸಿದೆ.

ಅವಳು ಕೇಳಿದ್ದು ಒಂದೇ. ‘ಎಷ್ಟು ಹೊತ್ತು ಅದ ದೊಡ್ಡಮ್ಮ?’

‘ನಿನಗ ಎಷ್ಟು ಬೇಕು?’ ಎಂದೆ.

‘ಎಂಟು ದಿನ. ಒಮ್ಮೆ ಅವರ ಜೋಡಿ ಮಾತಾಡಬೇಕು.’

ನಾನು ತಂಗಿಗೆ ಹಾಗೆಯೇ ಹೇಳಿದೆ. ತಂಗಿ ಗೊಣಗುತ್ತಲೇ ಆ ಕಡೆಯವರಿಗೆ ತಿಳಿಸಿದಳು. ಮಾತಾಡುವ ದಿನ ಗೊತ್ತಾಗಲೇ ಇಲ್ಲ. ಐದನೆಯ ದಿನ, ಅವರು ಬೇರೆ ಕಡೆ ಮಾತು ಮುಗಿಸಿದರೆಂಬ ಸುದ್ದಿ ಬಂತು. ‘ನಿನ್ನ ಪುಸ್ತಕದ ಬುದ್ಧಿಗೆ ನನ್ನ ಮಗಳ ಸಂಬಂಧ ಹೋತು’ ಎಂದಳು ತಂಗಿ. ಆಮೇಲೆ ಫೋನು ಮಾಡುವುದನ್ನು ನಿಲ್ಲಿಸಿದಳು.

ಒಳ್ಳೆಯದೇ ಆಯಿತು, ಕಾಯಲಾರದವರು ಏನು ಬಾಳಿಸುತ್ತಾರೆ ಎಂದು ನಾನು ಹುಡುಗಿಗೆ ಸಮಾಧಾನ ಹೇಳಲು ಹೋದೆ. ಅವಳು ನನ್ನ ಮುಖ ನೋಡದೆ ಹೇಳಿದಳು: ‘ನಾ ಹೂಂ ಅನ್ನೋಳಿದ್ದೆ ದೊಡ್ಡಮ್ಮ. ಆ ಹುಡುಗ ಬಂದ ದಿನ ನಮ್ಮವ್ವನ ಕೈಯಾಗಿನ ಚಹಾದ ಟ್ರೇ ತಾನ ಇಸ್ಕೊಂಡ. ನನಗ ಚಲೋ ಅನಿಸಿತ್ತು. ಒಂದು ಮಾತು ಆಡಿ ಹೂಂ ಅನ್ನೋಳಿದ್ದೆ.’

ನನ್ನ ಬಳಿ ಉತ್ತರವಿರಲಿಲ್ಲ. ಆಟದಲ್ಲಾದರೆ ಪುಸ್ತಕವನ್ನು ಮೊದಲಿನಿಂದ ತೆರೆದು ಬೇರೆ ಗುಂಡಿ ಒತ್ತಿ ನೋಡಬಹುದಿತ್ತು. ಅವಳಿಗೆ ನಾನು ಎಂಟು ದಿನ ಕೇಳಿ ಕೊಟ್ಟದ್ದು ಸರಿಯೋ ತಪ್ಪೋ ನನಗೆ ಇಂದಿಗೂ ಬಗೆಹರಿದಿಲ್ಲ. ಇಷ್ಟು ಮಾತ್ರ ಬಲ್ಲೆ: ಆ ಐದು ದಿನ ಅವಳು ನಮ್ಮ ಮನೆಯಲ್ಲಿ ಓಡಾಡಿದ ರೀತಿಯೇ ಬೇರೆಯಿತ್ತು. ನೀರು ತರುವಾಗ ನಿಲ್ಲುತ್ತಿದ್ದಳು, ತಾನೇ ನಗುತ್ತಿದ್ದಳು, ಮೊಬೈಲು ಗೂಡಿನಲ್ಲಿ ಬಿದ್ದಿತ್ತು. ತನ್ನ ಕಥೆಯೊಳಗೆ ತಾನೇ ಇದ್ದಳು. ನನಗೆ ಒಲೆಯ ಮುಂದೆ ಅದು ಸಿಕ್ಕಿರಲಿಲ್ಲ.

ಈಗ ಅವಳು ರಾಯಚೂರಿನಲ್ಲಿ ಬಿ.ಇಡಿ. ಓದುತ್ತಿದ್ದಾಳೆ. ಆ ವರ್ಷದ ಪಂಚಮಿಗೆ ತಂಗಿ ಅವಳ ಕೈಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಳಿಸಿದಳು. ನಾನು ಫೋನು ಮಾಡಿದೆ. ಎತ್ತಿದಳು. ಉಂಡಿಗೆ ಬೆಲ್ಲ ಸ್ವಲ್ಪ ಕಡಿಮೆಯಾಗಿದೆ ಎಂದೆ. ‘ಹೌದು, ಕಡಿಮಿ ಆಗ್ಯದ’ ಎಂದು ಒಪ್ಪಿಕೊಂಡಳು. ಮಾತು ಇನ್ನೂ ಚೂರು ಚೂರಾಗಿಯೇ ಬರುತ್ತದೆ, ಜೋಡಿಸುತ್ತಿದ್ದೇವೆ.